ಪಿತ್ತನಾಳ ಎಲ್ಲರಲ್ಲೂ ಒಂದೇ ಥರ ಕವಲೊಡೆಯುವುದಿಲ್ಲ

ಹೊಟ್ಟೆನೋವು ಎಂದು ಹೋದವರಿಗೆ ಪಿತ್ತಕೋಶದಲ್ಲಿ ಕಲ್ಲು ಕಾಣಿಸುತ್ತದೆ. ಕಲ್ಲು ನಾಳಕ್ಕೂ ಇಳಿದಿದೆಯೋ ಏನೋ ನೋಡೋಣ ಎಂದು ಡಾಕ್ಟರ್ ಎಂಆರ್‌ಸಿಪಿ ಸ್ಕ್ಯಾನ್ ಬರೆದುಕೊಡುತ್ತಾರೆ. ರಿಪೋರ್ಟಿನಲ್ಲಿ ಕಲ್ಲಿನ ವಿಷಯ ಎರಡೇ ಸಾಲಿಗೆ ಮುಗಿದಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು: ‘ರೈಟ್ ಪೋಸ್ಟೀರಿಯರ್ ಸೆಕ್ಟೋರಲ್ ಡಕ್ಟ್ ಲೆಫ್ಟ್ ಹೆಪಾಟಿಕ್ ಡಕ್ಟ್‌ಗೆ ಸೇರುತ್ತಿದೆ. ವೇರಿಯಂಟ್ ಅನಾಟಮಿ.’ ಬಲ ಲಿವರ್‌ನ ಹಿಂಭಾಗದ ಪಿತ್ತನಾಳ ಎಡಗಡೆಯ ನಾಳಕ್ಕೆ ಸೇರಿದೆ, ರಚನೆ ಪುಸ್ತಕದಲ್ಲಿದ್ದಂತಿಲ್ಲ ಎಂದು ಇದರ ಅರ್ಥ. ಅಷ್ಟೇ, ಕಲ್ಲು ಮರೆತೇ ಹೋಗುತ್ತದೆ. ರಾತ್ರಿಯೆಲ್ಲ ಮೊಬೈಲ್ ಹಿಡಿದು ಆ ಸಾಲನ್ನೇ ಹುಡುಕುತ್ತಾ ಕೂರುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ಅದು ಕಾಯಿಲೆಯಲ್ಲ. ಹುಟ್ಟಿದಾಗಿನಿಂದ ಅದು ಹಾಗೇ ಇದೆ, ಮುಂದೆಯೂ ಹಾಗೇ ಇರುತ್ತದೆ. ಅದಕ್ಕೆ ಮಾತ್ರೆಯಿಲ್ಲ, ಬೇಕಾಗಿಯೂ ಇಲ್ಲ. ಆದರೆ ಆ ಜಾಗಕ್ಕೆ ಕತ್ತರಿ ಹಿಡಿದು ಬರುವ ಸರ್ಜನ್‌ಗೆ ಆ ಒಂದು ಸಾಲು ಇಡೀ ರಿಪೋರ್ಟಿಗಿಂತ ಮುಖ್ಯ ಆಗಬಹುದು. ಯಾಕೆ ಎಂದು ಗೊತ್ತಾಗಬೇಕಾದರೆ, ಪಿತ್ತ ಲಿವರ್‌ನಿಂದ ಹೊರಬರುವ ದಾರಿಯಲ್ಲಿ ಒಂದು ಸುತ್ತು ಹೋಗಿ ಬರಬೇಕು.

ಇಳಿಯುವ ದಾರಿ

ಪಿತ್ತ ನೆತ್ತಿಗೇರಿತು ಎಂದು ಮಾತಿಗೆ ಹೇಳುತ್ತೇವೆ. ನಿಜಕ್ಕೂ ಪಿತ್ತ ಏರುವುದಿಲ್ಲ, ಇಳಿಯುತ್ತದೆ. ಲಿವರ್‌ನ ಜೀವಕೋಶಗಳು ದಿನಕ್ಕೆ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತವೆ. ತಿಂದ ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುವುದು ಅದರ ಒಂದು ಕೆಲಸ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಳಿಯುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಗೆ ಸಾಗಿಸುವುದು ಇನ್ನೊಂದು. ದಾರಿ ಕಟ್ಟಿಕೊಂಡರೆ ಈ ಬಿಲಿರುಬಿನ್ ವಾಪಸ್ ರಕ್ತಕ್ಕೆ ನುಗ್ಗುತ್ತದೆ. ಕಣ್ಣು ಹಳದಿ, ಮೂತ್ರ ಹಳದಿ. ನಾವು ಕಾಮಾಲೆ ಅನ್ನುವುದು ಇದನ್ನೇ.

ದಾರಿ ಶುರುವಾಗುವುದು ಎರಡು ಜೀವಕೋಶಗಳ ನಡುವಿನ, ಕಣ್ಣಿಗೆ ಕಾಣದ ಸಂದಿಯಲ್ಲಿ. ಅಂಥ ಸಂದಿಗಳು ಕೂಡಿ ಎಳೆಯಷ್ಟು ನಾಳ. ಎಳೆಗಳು ಕೂಡಿ ಸಣ್ಣ ನಾಳ. ಸಣ್ಣವು ಕೂಡಿ ದೊಡ್ಡವು. ಡಾಕ್ಟರುಗಳು ಇದನ್ನು ‘ಬಿಲಿಯರಿ ಟ್ರೀ’ ಎಂದು ಮರಕ್ಕೆ ಹೋಲಿಸುತ್ತಾರೆ. ನನಗೆ ನದಿಯ ಹೋಲಿಕೆಯೇ ಸರಿ ಅನ್ನಿಸುತ್ತದೆ. ಹಳ್ಳ, ತೊರೆಗಳು ಸೇರಿ ಹೊಳೆಯಾಗಿ ಕೆಳಗೆ ಹರಿಯುತ್ತವಲ್ಲ, ಇಲ್ಲೂ ಹಾಗೇ. ಯಾವ ತೊರೆ ಎಲ್ಲಿ ಬಂದು ಹೊಳೆಗೆ ಸೇರುತ್ತದೆ ಎನ್ನುವುದೇ ನಮ್ಮ ಇಡೀ ವಿಷಯ.

ಫ್ರಾನ್ಸ್‌ನ ಕ್ಲೋಡ್ ಕ್ವಿನೋ 1957ರಲ್ಲಿ ಲಿವರ್ ಅನ್ನು ಎಂಟು ಭಾಗಗಳಾಗಿ ವಿಂಗಡಿಸಿ ನಂಬರ್ ಕೊಟ್ಟರು. ಹೊರಗಿನ ಆಕಾರ ನೋಡಿ ಹಾಕಿದ ಗೆರೆಗಳಲ್ಲ ಅವು. ಒಳಗೆ ರಕ್ತನಾಳ ಎಲ್ಲೆಲ್ಲಿ ಕವಲೊಡೆಯುತ್ತದೆ ಎಂದು ನೋಡಿ ಹಾಕಿದ ಗೆರೆಗಳು. ಇಂದಿಗೂ ಸರ್ಜನ್‌ಗಳು, ರೇಡಿಯಾಲಜಿಸ್ಟ್‌ಗಳು ಮಾತಾಡುವುದು ಈ ನಂಬರ್‌ಗಳಲ್ಲೇ. 2, 3, 4 ಎಡಭಾಗ. 5, 6, 7, 8 ಬಲಭಾಗ. 1 ಹಿಂಬದಿಯಲ್ಲಿ ಅಡಗಿ ಕೂತ ಸಣ್ಣ ತುಂಡು, ಎಡಕ್ಕೂ ಬಲಕ್ಕೂ ಪಿತ್ತ ಬಿಡುತ್ತದೆ.

ಬಲಭಾಗದಲ್ಲಿ ಮತ್ತೆ ಎರಡು ಪಾಲು. ಮುಂದಿನ 5 ಮತ್ತು 8ರ ಪಿತ್ತ ಹೊತ್ತು ತರುವುದು ಮುಂಬದಿಯ ನಾಳ. ಹಿಂದಿನ 6 ಮತ್ತು 7ರದ್ದನ್ನು ತರುವುದು ಹಿಂಬದಿಯ ನಾಳ. ಇವೆರಡೂ ಸೇರಿದರೆ ಬಲ ಹೆಪಾಟಿಕ್ ನಾಳ. ಅದಕ್ಕೆ ಎಡ ನಾಳ ಬಂದು ಕೂಡಿದರೆ ಕಾಮನ್ ಹೆಪಾಟಿಕ್ ನಾಳ. ಕೆಳಗೆ ಪಿತ್ತಕೋಶದಿಂದ ಬರುವ ಸಿಸ್ಟಿಕ್ ನಾಳ ಪಕ್ಕದಿಂದ ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹೆಸರು ಕಾಮನ್ ಬೈಲ್ ಡಕ್ಟ್. ಅದು ಸಣ್ಣ ಕರುಳಿನ ಗೋಡೆ ಮುಟ್ಟುವಲ್ಲಿ ಪ್ಯಾಂಕ್ರಿಯಾಸ್‌ನ ನಾಳವೂ ಜೊತೆಗೂಡುತ್ತದೆ. ಅಲ್ಲೊಂದು ಬಿಗಿಯುವ, ಸಡಿಲಿಸುವ ಸ್ನಾಯುಬಳೆ ಇದೆ. ಇಟಲಿಯ ರುಗ್ಗೆರೋ ಓಡಿ 1887ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು.

ಇದು ಪಠ್ಯಪುಸ್ತಕದ ಚಿತ್ರ. ನೋಡಲು ಚೆಂದ. ಆದರೆ ಎಷ್ಟು ಜನರಲ್ಲಿ ಹೀಗೇ ಇರುತ್ತದೆ?

ಕ್ವಿನೋ ಲೆಕ್ಕದಲ್ಲಿ 57 ಪರ್ಸೆಂಟ್. 2003ರಲ್ಲಿ ಕೊರಿಯಾದಲ್ಲಿ 300 ಲಿವರ್ ದಾನಿಗಳ ನಾಳಗಳನ್ನು ಆಪರೇಷನ್ ಹೊತ್ತಿನಲ್ಲೇ ಎಕ್ಸ್‌ರೇ ತೆಗೆದು ನೋಡಿದಾಗ 63 ಪರ್ಸೆಂಟ್. ಎಲ್ಲಿ ಎಣಿಸಿದರೂ ಸುಮಾರು ಇಷ್ಟೇ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹತ್ತು ಜನ ಸಾಲಾಗಿ ನಿಂತರೆ ನಾಲ್ಕು ಜನರ ಲಿವರ್ ಪುಸ್ತಕದ ಮಾತು ಕೇಳಿರುವುದಿಲ್ಲ. ಇಷ್ಟು ಜನರಲ್ಲಿ ಇರುವುದನ್ನು ‘ಅಬ್‌ನಾರ್ಮಲ್’ ಎಂದು ಬರೆಯುವ ರಿಪೋರ್ಟ್ ಕಂಡರೆ ನನಗೆ ಸ್ವಲ್ಪ ಕೋಪ ಬರುತ್ತದೆ. ವೇರಿಯಂಟ್ ಅನ್ನಿ, ಸಾಕು.

ಅಲೆಮಾರಿ ಹಿಂಬದಿ ನಾಳ

ಹೆಚ್ಚಿನ ವ್ಯತ್ಯಾಸಗಳೆಲ್ಲ ಬಲಭಾಗದಲ್ಲೇ. ಅದರಲ್ಲೂ ಹೆಚ್ಚು ಸಲ ಹೆಸರು ಕೇಳಿಬರುವುದು ಹಿಂಬದಿಯ ನಾಳದ್ದು, ಅಂದರೆ 6 ಮತ್ತು 7ರ ಪಿತ್ತ ತರುವ ನಾಳ.

ಪುಸ್ತಕದ ಪ್ರಕಾರ ಅದು ಮುಂಬದಿ ನಾಳದ ಹಿಂದೆ ಹಾದು, ಒಂದು ಬಾಗು ಬಾಗಿ, ಅದರ ಎಡಮಗ್ಗುಲಿಗೆ ಬಂದು ಕೂಡಬೇಕು. ಹೀಗೆ ಎಡಕ್ಕೆ ಬಾಗಿ ಬರುತ್ತದಲ್ಲ, ಕೆಲವರಲ್ಲಿ ಅಲ್ಲಿ ನಿಲ್ಲುವುದೇ ಇಲ್ಲ. ಇನ್ನೂ ಒಂದೆರಡು ಸೆಂಟಿಮೀಟರ್ ಮುಂದೆ ಹೋಗಿ ಎಡ ಹೆಪಾಟಿಕ್ ನಾಳಕ್ಕೇ ಸೇರಿಬಿಡುತ್ತದೆ. ಬಲ ಲಿವರ್‌ನ ಹಿಂಭಾಗದ ಪಿತ್ತವೆಲ್ಲ ಎಡಬದಿಯ ನಾಳದ ಮೂಲಕ ಹೊರಗೆ! ಮೊದಲಿಗೆ ಹೇಳಿದ ರಿಪೋರ್ಟಿನ ಸಾಲು ಇದನ್ನೇ ಹೇಳುತ್ತಿತ್ತು. ಕೊರಿಯಾದ ಆ ಲೆಕ್ಕದಲ್ಲಿ ಸುಮಾರು 11 ಪರ್ಸೆಂಟ್ ಜನರಲ್ಲಿ ಹೀಗಿತ್ತು.

ಇನ್ನು ಕೆಲವರಲ್ಲಿ ಬಲ ಹೆಪಾಟಿಕ್ ನಾಳ ಎನ್ನುವುದೇ ಇರುವುದಿಲ್ಲ. ಮುಂಬದಿ, ಹಿಂಬದಿ, ಎಡ ಮೂರೂ ಒಂದೇ ಜಾಗದಲ್ಲಿ ಕೂಡುತ್ತವೆ, ಮೂರು ದಾರಿ ಸೇರುವ ಕೂಡುರಸ್ತೆಯ ಹಾಗೆ. ಇದೂ ಹತ್ತರಲ್ಲಿ ಒಬ್ಬರಲ್ಲಿ. ಮತ್ತೆ ಕೆಲವರಲ್ಲಿ ಮುಂಬದಿ ಅಥವಾ ಹಿಂಬದಿ ನಾಳ ಮೇಲಿನ ಸಂಗಮವನ್ನೇ ಬಿಟ್ಟು, ಕೆಳಗೆ ಕಾಮನ್ ಹೆಪಾಟಿಕ್ ನಾಳಕ್ಕೆ ನೇರವಾಗಿ ಇಳಿಯುತ್ತದೆ.

ಕೊನೆಯದು ಅಪರೂಪ, ಆದರೆ ಸರ್ಜನ್‌ಗಳಿಗೆ ಬೆವರಿಳಿಸುವಂಥದ್ದು. ಹಿಂಬದಿ ನಾಳ ಕೆಳಗೆ, ಇನ್ನೂ ಕೆಳಗೆ ಇಳಿದು ಪಿತ್ತಕೋಶದ ಸಿಸ್ಟಿಕ್ ನಾಳಕ್ಕೇ ಸೇರುವುದು. ನೂರಕ್ಕೆ ಇಬ್ಬರಲ್ಲಿ ಎಂದು ಕ್ವಿನೋ ಲೆಕ್ಕ. ಪಿತ್ತಕೋಶ ತೆಗೆಯುವಾಗ ಕತ್ತರಿಸುವುದು ಸಿಸ್ಟಿಕ್ ನಾಳವನ್ನೇ ಅಲ್ವಾ? ಆ ನಾಳದ ಮೇಲೆ ಲಿವರ್‌ನ ಎರಡು ಭಾಗಗಳು ಜೀವ ಇಟ್ಟುಕೊಂಡಿದ್ದರೆ ಏನಾಗಬಹುದು, ಊಹಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ನಾಳಗಳಿಗೆ ಹಿಂದಿನಿಂದ ‘ಆಕ್ಸೆಸರಿ ಡಕ್ಟ್’ ಎಂಬ ಹೆಸರು ಓಡಾಡುತ್ತಿದೆ. ಅಂದರೆ ಹೆಚ್ಚುವರಿ, ಎಕ್ಸ್‌ಟ್ರಾ. ಎಕ್ಸ್‌ಟ್ರಾ ಎಂದ ಮೇಲೆ ಕಟ್ಟಿದರೂ ಪರವಾಗಿಲ್ಲ ಎಂಬ ಭಾವನೆ ತಾನಾಗಿ ಬಂದುಬಿಡುತ್ತದೆ. ಬಹುಪಾಲು ಅದು ತಪ್ಪು. ಹಿಂಬದಿ ನಾಳ ಎಲ್ಲಿಗೇ ಸೇರಲಿ, 6 ಮತ್ತು 7ರ ಪಿತ್ತಕ್ಕೆ ಅದೊಂದೇ ದಾರಿ. ಪಕ್ಕದ ಭಾಗದ ನಾಳಕ್ಕೂ ಅದಕ್ಕೂ ನಡುವೆ ನೆಚ್ಚಿಕೊಳ್ಳುವಂಥ ಅಡ್ಡದಾರಿ ಇರುವುದಿಲ್ಲ. ಒಂದು ಬಂದಾದರೆ ಇನ್ನೊಂದರಲ್ಲಿ ಹರಿದುಹೋಗಲಿ ಅನ್ನುವ ಹಾಗಿಲ್ಲ. ಜಾಗ ಬದಲಾಗಿದೆ ಅಷ್ಟೇ, ಕೆಲಸ ಬದಲಾಗಿಲ್ಲ. ಮುಂದೆ ಬರುವ ಎಲ್ಲ ಅನಾಹುತಗಳ ಬೇರು ಇಲ್ಲೇ ಇದೆ.

ಎಡಭಾಗದಲ್ಲೂ ವ್ಯತ್ಯಾಸಗಳಿವೆ. 4ರ ನಾಳ ಒಮ್ಮೊಮ್ಮೆ ಸಂಗಮದ ಹತ್ತಿರ ಬೇರೆಯಾಗಿ ಸೇರುತ್ತದೆ, 2 ಮತ್ತು 3 ಕೂಡುವ ಜಾಗ ಹಿಂದೆ ಮುಂದೆ ಆಗುತ್ತದೆ. ಮಕ್ಕಳಿಗೆ ಲಿವರ್‌ನ ಎಡ ತುಂಡು ಕಸಿ ಮಾಡುವವರಿಗೆ ಇದು ದೊಡ್ಡ ವಿಷಯ. ಉಳಿದವರು ಇದನ್ನು ದಾಟಿ ಮುಂದೆ ಹೋಗಬಹುದು.

ಹೀಗೇಕೆ ಆಗುತ್ತದೆ

ಭ್ರೂಣಕ್ಕೆ ನಾಲ್ಕು ವಾರ ತುಂಬುವ ಹೊತ್ತಿಗೆ, ಮುಂದೆ ಸಣ್ಣ ಕರುಳಾಗುವ ಕೊಳವೆಯ ಗೋಡೆಯಲ್ಲಿ ಒಂದು ಮೊಗ್ಗು ಮೂಡುತ್ತದೆ. ಮೊಗ್ಗಿನ ಮೇಲ್ಭಾಗ ಲಿವರ್ ಆಗುತ್ತದೆ. ಕೆಳಭಾಗ ಪಿತ್ತಕೋಶ ಮತ್ತು ಸಿಸ್ಟಿಕ್ ನಾಳ ಆಗುತ್ತದೆ.

ಲಿವರ್ ಒಳಗಿನ ನಾಳಗಳು ಹುಟ್ಟುವ ರೀತಿಯೇ ಬೇರೆ. ಮೊದಲು ಪೋರ್ಟಲ್ ರಕ್ತನಾಳ, ಅಂದರೆ ಕರುಳಿನಿಂದ ಲಿವರ್‌ಗೆ ರಕ್ತ ತರುವ ನಾಳ, ಲಿವರ್ ಒಳಗೆ ಕವಲೊಡೆಯುತ್ತದೆ. ಆ ಕವಲುಗಳನ್ನು ಸುತ್ತಿಕೊಂಡಿರುವ ಜೀವಕೋಶಗಳು ತೋಳಿನ ಮೇಲಿನ ಅಂಗಿಯ ಹಾಗೆ ಒಂದು ಪದರ ಕಟ್ಟುತ್ತವೆ. ಪದರ ಎರಡಾಗುತ್ತದೆ. ಎರಡರ ನಡುವೆ ಅಲ್ಲಲ್ಲಿ ಪೊಳ್ಳು ಬಿಡುತ್ತದೆ. ಪೊಳ್ಳು ಬಿಟ್ಟ ಜಾಗ ನಾಳವಾಗಿ ಉಳಿಯುತ್ತದೆ, ಮಿಕ್ಕಿದ್ದು ಮಾಸಿಹೋಗುತ್ತದೆ. ಈ ಕೆಲಸ ಲಿವರ್‌ನ ಬಾಗಿಲಿನಿಂದ ಶುರುವಾಗಿ ಅಂಚಿನ ಕಡೆಗೆ ಸಾಗುತ್ತದೆ. ಹುಟ್ಟುವ ಹೊತ್ತಿಗೂ ತುದಿಯಲ್ಲಿ ಇನ್ನೂ ಪೂರ್ತಿ ಮುಗಿದಿರುವುದಿಲ್ಲ.

ಅಂದರೆ ಪಿತ್ತನಾಳಗಳನ್ನು ಮೊದಲೇ ನಕ್ಷೆ ಹಾಕಿ ಕಟ್ಟಿದ್ದಲ್ಲ. ಸುತ್ತ ಹಬ್ಬಿದ ಬಲೆಯಲ್ಲಿ ಕೆಲವು ಎಳೆ ಉಳಿದು, ಕೆಲವು ಅಳಿಸಿ ಆದದ್ದು. ಯಾವ ಕೊಂಡಿ ಉಳಿಯಿತು, ಯಾವುದು ಹೋಯಿತು ಎಂಬುದರ ಮೇಲೆ ಕೂಡುವ ಜಾಗ ನಿಲ್ಲುತ್ತದೆ. ಹೀಗಾಗಿ ಪೋರ್ಟಲ್ ರಕ್ತನಾಳದ ಕವಲು ಬೇರೆ ಥರ ಇದ್ದವರಲ್ಲಿ ಪಿತ್ತನಾಳವೂ ಬೇರೆ ಇರುವ ಸಾಧ್ಯತೆ ಜಾಸ್ತಿ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. ರಕ್ತನಾಳ ಪುಸ್ತಕದ ಹಾಗೇ ಇದ್ದು, ಪಿತ್ತನಾಳ ಮಾತ್ರ ತನ್ನ ಪಾಡಿಗೆ ಬೇರೆ ದಾರಿ ಹಿಡಿದಿರುವುದು ಬೇಕಾದಷ್ಟಿದೆ.

ಪಿತ್ತಕೋಶದ ಪಕ್ಕದಲ್ಲಿ

ಸಿಸ್ಟಿಕ್ ನಾಳ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸೆಂಟಿಮೀಟರ್ ಉದ್ದ. ಒಳಗೆ ತಿರುಪಿನಂಥ ಮಡಿಕೆಗಳಿವೆ. ಅದು ಕಾಮನ್ ಹೆಪಾಟಿಕ್ ನಾಳಕ್ಕೆ ಬಲಗಡೆಯಿಂದ, ಹೆಚ್ಚುಕಡಿಮೆ ನಡುಭಾಗದಲ್ಲಿ ಸೇರಬೇಕು. ಇದೂ ಎಲ್ಲರಲ್ಲೂ ಹಾಗಿಲ್ಲ. ಹತ್ತರಲ್ಲಿ ಒಬ್ಬರಲ್ಲಿ ತೀರಾ ಕೆಳಗೆ, ಕರುಳಿನ ಹತ್ತಿರ ಹೋಗಿ ಸೇರುತ್ತದೆ. ಕೆಲವರಲ್ಲಿ ದೊಡ್ಡ ನಾಳದ ಜೊತೆಜೊತೆಗೇ ಮೈಗೆ ಮೈ ತಾಗಿಸಿಕೊಂಡು ಇಳಿಯುತ್ತದೆ. ಎರಡನ್ನೂ ಒಂದೇ ಪೊರೆ ಸುತ್ತಿರುತ್ತದೆ. ಇನ್ನು ಕೆಲವರಲ್ಲಿ ಹಿಂದಿನಿಂದ ಸುತ್ತು ಹಾಕಿ ಎಡಗಡೆಗೆ ಬಂದು ಸೇರುತ್ತದೆ.

ಜೊತೆಜೊತೆಗೆ ಇಳಿಯುವ ನಾಳ ಇದ್ದವರಲ್ಲಿ ಸರ್ಜನ್ ‘ಸಿಸ್ಟಿಕ್ ನಾಳವನ್ನು ಬುಡದವರೆಗೂ ಬಿಡಿಸುತ್ತೇನೆ’ ಎಂದು ಹಟ ಹಿಡಿದರೆ ಕೆಟ್ಟಿತು. ಬಿಡಿಸುತ್ತಾ ಬಿಡಿಸುತ್ತಾ ಪಕ್ಕದ ದೊಡ್ಡ ನಾಳದ ಗೋಡೆಯೋ, ಅದಕ್ಕೆ ರಕ್ತ ಕೊಡುವ ಸಣ್ಣ ಧಮನಿಗಳೋ ಹರಿಯುತ್ತವೆ. ಪಿತ್ತನಾಳದ ಧಮನಿಗಳು ಎಡ ಮತ್ತು ಬಲ ಅಂಚಿನಲ್ಲಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಓಡುತ್ತವೆ. ಅವು ಹೋದರೆ ನಾಳಕ್ಕೆ ಆ ದಿನ ಏನೂ ಆಗುವುದಿಲ್ಲ. ತಿಂಗಳುಗಳಾದ ಮೇಲೆ ಅದು ಬತ್ತಿ ಕಿರಿದಾಗುತ್ತದೆ. ಹೀಗಾಗಿ ಇಂಥ ಕಡೆ ಬುಡ ಹುಡುಕುವುದಕ್ಕಿಂತ ಸ್ವಲ್ಪ ಉದ್ದ ಬಿಟ್ಟು ಕತ್ತರಿಸುವುದೇ ಜಾಣತನ.

ಇನ್ನೊಂದಿದೆ. ಪಿತ್ತಕೋಶ ಲಿವರ್‌ಗೆ ಅಂಟಿಕೊಂಡಿರುವ ಹಾಸಿಗೆಯಲ್ಲಿ, ಒಂದೆರಡು ಮಿಲಿಮೀಟರ್ ಅಗಲದ ನಾಳಗಳು ಕೆಲವರಲ್ಲಿ ಹಾದುಹೋಗುತ್ತವೆ. ಜರ್ಮನಿಯ ಹ್ಯೂಬರ್ಟ್ ಫಾನ್ ಲುಷ್ಕಾ 1863ರಲ್ಲೇ ಇವನ್ನು ವಿವರಿಸಿದ್ದರು. ಹೀಗಾಗಿ ಲುಷ್ಕಾ ನಾಳ. ಪಿತ್ತಕೋಶವನ್ನು ಸುಲಿದು ತೆಗೆಯುವಾಗ ಇವು ತುಂಡಾದರೆ ಆ ಹೊತ್ತಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಕೆಲವು ದಿನ ಬಿಟ್ಟು ಹೊಟ್ಟೆ ಉಬ್ಬರ, ನೋವು, ಜ್ವರ. ಸ್ಕ್ಯಾನ್ ಮಾಡಿದರೆ ಒಳಗೆ ಪಿತ್ತ ತುಂಬಿಕೊಂಡಿರುತ್ತದೆ. ಸಮಾಧಾನದ ಸಂಗತಿ ಎಂದರೆ ಈ ಸೋರಿಕೆ ಹೆಚ್ಚಾಗಿ ಸುಲಭಕ್ಕೆ ನಿಲ್ಲುತ್ತದೆ. ಎಂಡೋಸ್ಕೋಪಿಯಿಂದ ಹೋಗಿ ದೊಡ್ಡ ನಾಳದ ಬಾಯಲ್ಲಿ ಒಂದು ಸ್ಟೆಂಟ್ ಇಟ್ಟರೆ, ಪಿತ್ತಕ್ಕೆ ಕರುಳಿನ ಕಡೆಗೆ ಹರಿಯುವುದೇ ಸಲೀಸಾಗುತ್ತದೆ. ಸೋರುವ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ.

ತ್ರಿಕೋನದ ಒಳಗೆ

ಮೊದಲ ಬಾರಿಗೆ ಪಿತ್ತಕೋಶ ತೆಗೆದದ್ದು ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ಸಣ್ಣ ತೂತುಗಳ ಮೂಲಕ ತೆಗೆಯುವ ದಾರಿಯನ್ನು 1985ರಲ್ಲಿ ಜರ್ಮನಿಯವರೇ ಆದ ಎರಿಖ್ ಮ್ಯೂಹೆ ತೋರಿಸಿದರು. ಈಗ ಎಲ್ಲೆಡೆ ಅದೇ. ಗಾಯ ಸಣ್ಣದು, ಒಂದೆರಡು ದಿನಕ್ಕೆ ಮನೆಗೆ. ಆದರೆ ಕೈಯಿಂದ ಮುಟ್ಟಿ ನೋಡುವ ಅನುಕೂಲ ಹೋಯಿತು. ಎಲ್ಲವೂ ಕ್ಯಾಮೆರಾ ತೋರಿಸಿದ್ದರ ಮೇಲೆ.

ಟಿವಿ ಪರದೆಯಲ್ಲಿ ಏನು ಕಾಣುತ್ತದೆ ನೋಡಿ. ಒಂದು ಇಕ್ಕಳ ಪಿತ್ತಕೋಶದ ತಲೆ ಹಿಡಿದು ರೋಗಿಯ ಬಲ ಭುಜದ ಕಡೆಗೆ ಎತ್ತಿದೆ. ಇನ್ನೊಂದು ಅದರ ಕುತ್ತಿಗೆಯನ್ನು ಪಕ್ಕಕ್ಕೆ ಎಳೆದಿದೆ. ನಡುವೆ ಹಳದಿ ಕೊಬ್ಬು ತುಂಬಿದ ಒಂದು ತ್ರಿಕೋನ. ಒಂದು ಬದಿ ಸಿಸ್ಟಿಕ್ ನಾಳ, ಇನ್ನೊಂದು ಬದಿ ಕಾಮನ್ ಹೆಪಾಟಿಕ್ ನಾಳ, ಮೇಲೆ ಲಿವರ್‌ನ ಅಂಚು. ಇದನ್ನು ಕಾಲೋ ತ್ರಿಕೋನ ಅನ್ನುತ್ತಾರೆ. ತಪ್ಪಾಗುವುದು ಹೆಚ್ಚಾಗಿ ಇದರ ಒಳಗೇ. ಕುತ್ತಿಗೆಯನ್ನು ಪಕ್ಕಕ್ಕೆ ಎಳೆಯುವುದು ಬಿಟ್ಟು ಮೇಲಕ್ಕೇ ಜಗ್ಗಿದರೆ ಸಿಸ್ಟಿಕ್ ನಾಳ ಮತ್ತು ಕಾಮನ್ ಬೈಲ್ ಡಕ್ಟ್ ಒಂದೇ ಗೆರೆಗೆ ಬಂದು, ಎರಡೂ ಸೇರಿ ಒಂದೇ ನಾಳದ ಹಾಗೆ ಕಾಣುತ್ತವೆ. ಕಣ್ಣು ಮೋಸಹೋಗುತ್ತದೆ. ಸಿಸ್ಟಿಕ್ ಎಂದುಕೊಂಡು ಮುಖ್ಯ ನಾಳಕ್ಕೇ ಕ್ಲಿಪ್ ಹಾಕಿದವರಿದ್ದಾರೆ, ಅನುಭವಿಗಳೂ. ಹೀಗೆ ಪಿತ್ತನಾಳಕ್ಕೆ ಪೆಟ್ಟಾಗುವುದು ಸಾವಿರ ಆಪರೇಷನ್‌ಗೆ ಒಂದೆರಡರಿಂದ ಐದರಷ್ಟು. ನ್ಯಾಯವಾಗಿ ಹೇಳಬೇಕೆಂದರೆ, ಇದರಲ್ಲಿ ದೊಡ್ಡ ಪಾಲು ಕಣ್ಣಿನ ಮೋಸದ್ದೇ. ಎಲ್ಲದಕ್ಕೂ ವೇರಿಯಂಟ್ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ. ಆದರೆ ಕಣ್ಣು ಮೋಸಹೋಗುವ ಜಾಗದಲ್ಲಿ ದಾರಿತಪ್ಪಿದ ಬಲ ನಾಳವೊಂದು ಬೇರೆ ಹಾದುಹೋಗಿದ್ದರೆ ಅಪಾಯ ಇಮ್ಮಡಿಯಾಗುತ್ತದೆ.

ಅಮೆರಿಕದ ಸರ್ಜನ್ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಬರೆದರು. ‘ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ’ ಎಂದು ಅದರ ಹೆಸರು. ತ್ರಿಕೋನದ ಕೊಬ್ಬನ್ನೆಲ್ಲ ಬಿಡಿಸಿರಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗವನ್ನು ಲಿವರ್‌ನಿಂದ ಬೇರ್ಪಡಿಸಿ, ಹಿಂದೆ ಲಿವರ್ ಕಾಣುವಂತೆ ಕಿಟಕಿ ತೆರೆದಿರಬೇಕು. ಆಗ ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು ಕಾಣಬೇಕು: ಒಂದು ನಾಳ, ಒಂದು ಧಮನಿ. ಮೂರನೆಯದು ಕಂಡರೆ ಕೈ ನಿಲ್ಲಬೇಕು. ಆ ಮೂರನೆಯದು ಹಿಂಬದಿ ನಾಳ ಇರಬಹುದು.

ಕೈ ನಿಲ್ಲದಿದ್ದರೆ ಏನಾಗುತ್ತದೆ? ಎರಡು ಥರ ಆಗಬಹುದು.

ಹಿಂಬದಿ ನಾಳಕ್ಕೆ ಕ್ಲಿಪ್ ಬಿತ್ತು ಅಂದುಕೊಳ್ಳಿ. 6 ಮತ್ತು 7ರ ಪಿತ್ತಕ್ಕೆ ದಾರಿ ಬಂದ್. ಆದರೆ ಲಿವರ್‌ನ ಉಳಿದ ಭಾಗ ಚೆನ್ನಾಗಿ ಕೆಲಸ ಮಾಡುತ್ತಿದೆಯಲ್ಲ, ಅದಕ್ಕೇ ಕಾಮಾಲೆ ಬರುವುದೇ ಇಲ್ಲ. ರೋಗಿ ಆರಾಮಾಗಿ ಮನೆಗೆ ಹೋಗುತ್ತಾರೆ. ಕೆಲವರಿಗೆ ಆ ಭಾಗ ಸದ್ದಿಲ್ಲದೆ ಸೊರಗಿ ಚಿಕ್ಕದಾಗುತ್ತದೆ, ಗೊತ್ತೇ ಆಗುವುದಿಲ್ಲ. ಇನ್ನು ಕೆಲವರಿಗೆ ತಿಂಗಳುಗಳೋ ವರ್ಷಗಳೋ ಆದ ಮೇಲೆ ಚಳಿಜ್ವರ, ಬಲಗಡೆ ನೋವು. ಕಟ್ಟಿಕೊಂಡ ಪಿತ್ತದಲ್ಲಿ ಸೋಂಕು.

ಎರಡನೆಯದು, ನಾಳ ಕ್ಲಿಪ್ ಇಲ್ಲದೆ ತುಂಡಾದರೆ. ಆಗ ಹೊಟ್ಟೆಗೆ ಪಿತ್ತ ಸೋರುತ್ತದೆ. ಹೊರಗೆ ಹಾಕಿದ ಡ್ರೇನ್ ಪೈಪಿನಲ್ಲಿ ದಿನವೂ ಹಸಿರು-ಹಳದಿ ನೀರು. ಕಾರಣ ಹುಡುಕಲು ಇಆರ್‌ಸಿಪಿ ಮಾಡುತ್ತಾರೆ, ಅಂದರೆ ಎಂಡೋಸ್ಕೋಪಿಯಿಂದ ಕೆಳಗಿನಿಂದ ನಾಳದೊಳಗೆ ಡೈ ಬಿಟ್ಟು ಎಕ್ಸ್‌ರೇ. ಡೈ ಮೇಲೇರುತ್ತದೆ. ನಾಳಗಳೆಲ್ಲ ಚೆನ್ನಾಗಿ ಕಾಣುತ್ತವೆ. ಎಲ್ಲೂ ಸೋರಿಕೆಯಿಲ್ಲ! ಡ್ರೇನ್‌ನಲ್ಲಿ ಮಾತ್ರ ಪಿತ್ತ ಬರುತ್ತಲೇ ಇದೆ. ಯಾಕೆಂದರೆ ಸೋರುತ್ತಿರುವ ನಾಳಕ್ಕೂ ಮುಖ್ಯ ನಾಳಕ್ಕೂ ಈಗ ಸಂಬಂಧವೇ ಇಲ್ಲ. ಡೈ ಅಲ್ಲಿಗೆ ಹೋಗುವುದಾದರೂ ಹೇಗೆ? ಇಲ್ಲಿ ಚಿತ್ರದಲ್ಲಿ ಇರುವುದನ್ನು ನೋಡಿದರೆ ಸಾಲದು, ಇಲ್ಲದ್ದನ್ನು ಎಣಿಸಬೇಕು. 2, 3, 4, 5, 8ರ ನಾಳಗಳಿವೆ. 6, 7 ಎಲ್ಲಿ? ಈ ಪ್ರಶ್ನೆ ಕೇಳಿದ ರೇಡಿಯಾಲಜಿಸ್ಟ್ ಒಬ್ಬರಿದ್ದರೆ ರೋಗಿಯ ಎಷ್ಟೋ ದಿನ ಉಳಿಯುತ್ತದೆ. ನಂತರ ಎಂಆರ್‌ಸಿಪಿ ಮಾಡಿದರೆ ತುಂಡಾದ ನಾಳ ಬೇರೆಯಾಗಿ ಕಾಣುತ್ತದೆ. ಇಂಥದ್ದನ್ನು ಸರಿಪಡಿಸುವಾಗ ಸಣ್ಣ ಕರುಳಿನ ಒಂದು ಕುಣಿಕೆಯನ್ನು ಮೇಲೆ ತಂದು ಆ ನಾಳಕ್ಕೆ ಹೊಲಿಯುವುದುಂಟು. ಲಿವರ್ ಸರ್ಜರಿಯಲ್ಲಿ ಪಳಗಿದವರ ಕೆಲಸ ಅದು.

ಪಾಲು ಮಾಡುವಾಗ

ಪಿತ್ತಕೋಶದ ಆಪರೇಷನ್‌ನಲ್ಲಿ ವೇರಿಯಂಟ್ ಅಡ್ಡ ಬಂದರೆ ಬಂತು, ಇಲ್ಲವಾದರೆ ಇಲ್ಲ. ಲಿವರ್ ದಾನದಲ್ಲಿ ಹಾಗಲ್ಲ. ಅಲ್ಲಿ ನಾಳವನ್ನು ಕತ್ತರಿಸಲೇಬೇಕು. 1989ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರಸೆಲ್ ಸ್ಟ್ರಾಂಗ್ ತಂಡ ತಾಯಿಯ ಲಿವರ್‌ನ ತುಂಡನ್ನು ಮಗನಿಗೆ ಕಸಿ ಮಾಡಿ ಗೆದ್ದಿತು. ಆಮೇಲೆ ಬದುಕಿರುವವರು ಲಿವರ್ ಕೊಡುವುದು ಹಲವು ದೇಶಗಳಲ್ಲಿ ಬೆಳೆಯಿತು. ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವುದು ಬಲಭಾಗ.

ಕತ್ತರಿ ಇಡುವ ಜಾಗ ಎರಡು ಮೂರು ಮಿಲಿಮೀಟರ್ ಆಚೀಚೆ ಆದರೂ ಲೆಕ್ಕ ಬದಲಾಗುತ್ತದೆ. ಪುಸ್ತಕದ ಚಿತ್ರದಂಥ ನಾಳವಿದ್ದರೆ ಬಲ ತುಂಡಿನಲ್ಲಿ ಒಂದೇ ಬಾಯಿ ಸಿಗುತ್ತದೆ. ಒಂದೇ ಹೊಲಿಗೆ. ಮೂರು ಕೂಡುವ ಸಂಗಮ ಇದ್ದವರಲ್ಲಿ ಬಲ ತುಂಡಿಗೆ ಎರಡು ಬಾಯಿ. ಹಿಂಬದಿ ನಾಳ ಎಡಕ್ಕೆ ಸೇರಿದವರಲ್ಲೂ ಎರಡು ಬಾಯಿ, ಅದೂ ದೂರ ದೂರ. ಹತ್ತಿರವಿದ್ದರೆ ಎರಡನ್ನೂ ಅಂಚಿಗೆ ಅಂಚು ಹೊಲಿದು ಒಂದು ಮಾಡಬಹುದು. ದೂರವಿದ್ದರೆ ಬೇರೆ ಬೇರೆ ಹೊಲಿಯಬೇಕು. ನಾಳದ ಅಗಲವೋ ಕೆಲವೇ ಮಿಲಿಮೀಟರ್. ಹೊಲಿಗೆ ಹೆಚ್ಚಿದಷ್ಟೂ ಸೋರುವ, ಮುಂದೆ ಕಿರಿದಾಗುವ ಜಾಗವೂ ಹೆಚ್ಚು. ಒಂದೇ ಬಾಯಿ ಸಿಗಲಿ ಎಂಬ ಆಸೆಗೆ ಎಡಕ್ಕೆ ಜಾಸ್ತಿ ಸರಿದು ಕತ್ತರಿಸಿದರೆ, ದಾನಿಯಲ್ಲಿ ಉಳಿಯುವ ಎಡ ನಾಳಕ್ಕೇ ಕುತ್ತು. ತಮಗೆ ಯಾವ ಕಾಯಿಲೆಯೂ ಇಲ್ಲದೆ ಬಂದು ಮಲಗಿದವರು ಅವರು. ಅವರ ನಾಳ ಮೊದಲು, ಉಳಿದದ್ದು ಆಮೇಲೆ.

ಗಡ್ಡೆಗಾಗಿ ಎಡ ಲಿವರ್ ತೆಗೆಯುವಾಗಲೂ ಇದೇ ವೇರಿಯಂಟ್ ಕಾಡುತ್ತದೆ. ಎಡ ನಾಳವನ್ನು ಸಂಗಮದ ಹತ್ತಿರವೇ ಕಟ್ಟಿದರೆ, ಎಡಕ್ಕೆ ಬಂದು ಸೇರಿದ ಬಲ ಹಿಂಬದಿ ನಾಳದ ಬಾಯಿಯೂ ಮುಚ್ಚಿಹೋಗುತ್ತದೆ. ಆಪರೇಷನ್ ಎಡಕ್ಕೆ, ಪೆಟ್ಟು ಬಲಕ್ಕೆ.

ಮುಂಚಿತವಾಗಿ ನೋಡುವುದು ಹೇಗೆ

ಮಾಮೂಲಿ ಅಲ್ಟ್ರಾಸೌಂಡ್ ಕಲ್ಲು ಹಿಡಿಯುವುದರಲ್ಲಿ ಗಟ್ಟಿಗ. ಉಬ್ಬದ ಸಣ್ಣ ನಾಳಗಳು ಎಲ್ಲಿ ಕೂಡುತ್ತವೆ ಎನ್ನುವುದು ಅದಕ್ಕೆ ಸಿಗುವುದಿಲ್ಲ. ಎಂಆರ್‌ಸಿಪಿಗೆ ಸಿಗುತ್ತದೆ. ನಿಂತ ದ್ರವ ಬೆಳ್ಳಗೆ, ಉಳಿದದ್ದೆಲ್ಲ ಕಪ್ಪಗೆ ಕಾಣುವಂತೆ ಎಂಆರ್‌ಐ ಮೆಷಿನ್‌ಗೆ ಹೇಳಿ ತೆಗೆಯುವ ಚಿತ್ರ ಅದು. ಡೈ ಚುಚ್ಚುವುದಿಲ್ಲ, ಎಕ್ಸ್‌ರೇ ಇಲ್ಲ. ಕೆಲವು ಗಂಟೆ ಏನೂ ತಿನ್ನದೆ ಹೋಗಬೇಕು, ಹೇಳಿದಾಗ ಉಸಿರು ಹಿಡಿಯಬೇಕು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಕವಲುಗಳು ಎದ್ದು ಕಾಣುತ್ತವೆ. ನಿಮ್ಮದೇ ಚಿತ್ರ ಕೈಯಲ್ಲಿದ್ದರೆ ಒಮ್ಮೆ ನೋಡಿ. ಚಿತ್ರದ ಎಡಗಡೆ ಇರುವುದು ನಿಮ್ಮ ಬಲಗಡೆ. ಅಲ್ಲಿ ನೆಟ್ಟಗೆ ನಿಂತ ಹಾಗೆ ಕಾಣುವುದು ಮುಂಬದಿ ನಾಳ. ಅಡ್ಡಕ್ಕೆ ಮಲಗಿ ಬಾಗಿ ಬರುವುದು ಹಿಂಬದಿ ನಾಳ. ಆ ಅಡ್ಡ ಗೆರೆಯ ಮೇಲೆ ಬೆರಳಿಟ್ಟು ಒಳಗೆ ಬನ್ನಿ. ಅದು ಎಲ್ಲಿ ಕೊನೆಯಾಗುತ್ತದೋ ಅದೇ ಉತ್ತರ. ಉಸಿರು ಅಲುಗಿದ್ದರೆ ಚಿತ್ರ ಮಬ್ಬಾಗುತ್ತದೆ, ಲುಷ್ಕಾ ನಾಳದಂಥ ಎಳೆಗಳು ಹೆಚ್ಚಾಗಿ ಸಿಗುವುದೇ ಇಲ್ಲ ಎನ್ನುವುದು ನೆನಪಿರಲಿ.

ಆಪರೇಷನ್ ನಡುವೆಯೂ ನೋಡಬಹುದು. ಸಿಸ್ಟಿಕ್ ನಾಳದೊಳಗೆ ಡೈ ಬಿಟ್ಟು ಎಕ್ಸ್‌ರೇ ತೆಗೆಯುವ ಪದ್ಧತಿಯನ್ನು ಅರ್ಜೆಂಟೀನಾದ ಪಾಬ್ಲೊ ಮಿರಿಝಿ 1930ರ ದಶಕದಲ್ಲೇ ಶುರು ಮಾಡಿದರು. ಈಚೆಗೆ ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ಮೊದಲೇ ರಕ್ತನಾಳಕ್ಕೆ ಕೊಡುತ್ತಾರೆ. ಲಿವರ್ ಅದನ್ನು ಪಿತ್ತಕ್ಕೆ ಬಿಡುತ್ತದೆ. ವಿಶೇಷ ಕ್ಯಾಮೆರಾದಲ್ಲಿ ನಾಳಗಳು ಹಸಿರಾಗಿ ಹೊಳೆಯುತ್ತವೆ. ಮೇಲೆ ದಪ್ಪ ಕೊಬ್ಬಿದ್ದರೆ ಈ ಹೊಳಪೂ ಕಾಣದು.

ಸುಮ್ಮನೆ ಬಿಡಬಾರದ ಒಂದು

ಇಷ್ಟು ಹೊತ್ತು ‘ಕಾಯಿಲೆಯಲ್ಲ’ ಎಂದು ಹೇಳಿದೆ. ಒಂದಕ್ಕೆ ಮಾತ್ರ ಆ ಮಾತು ಹೊಂದುವುದಿಲ್ಲ. ಅದು ಕೆಳಗೆ, ಪ್ಯಾಂಕ್ರಿಯಾಸ್ ನಾಳ ಸೇರುವ ಜಾಗದ್ದು. ಎರಡೂ ನಾಳ ಕರುಳಿನ ಗೋಡೆಯೊಳಗೆ, ಓಡಿ ಸ್ನಾಯುಬಳೆಯ ಹಿಡಿತದಲ್ಲಿ ಕೂಡಬೇಕು. ಕೆಲವರಲ್ಲಿ ಗೋಡೆಯ ಹೊರಗೇ, ಬಳೆಯ ಹಿಡಿತಕ್ಕೆ ಸಿಗದಷ್ಟು ಮೇಲೆ ಕೂಡಿ, ಉದ್ದನೆಯ ಒಂದೇ ಕೊಳವೆಯಾಗಿ ಇಳಿಯುತ್ತವೆ. ಪ್ಯಾಂಕ್ರಿಯಾಸ್ ನಾಳದ ಒತ್ತಡ ಜಾಸ್ತಿ. ಅದರ ರಸ ಪಿತ್ತನಾಳಕ್ಕೆ ಏರುತ್ತದೆ, ಒಳಪದರವನ್ನು ವರ್ಷಗಟ್ಟಲೆ ಕೆರಳಿಸುತ್ತದೆ. ಮಕ್ಕಳಲ್ಲಿ ನಾಳ ಚೀಲದ ಹಾಗೆ ಉಬ್ಬುವ ಕೋಲಿಡೋಕಲ್ ಸಿಸ್ಟ್‌ಗೂ ಇದಕ್ಕೂ ನಂಟಿದೆ. ಪಿತ್ತಕೋಶ ಮತ್ತು ಪಿತ್ತನಾಳದ ಕ್ಯಾನ್ಸರ್ ಸಾಧ್ಯತೆಯೂ ಹೆಚ್ಚುತ್ತದೆ. ನಾಳ ಉಬ್ಬದಿದ್ದರೂ ಪಿತ್ತಕೋಶವನ್ನು ಮೊದಲೇ ತೆಗೆಸಿಬಿಡಿ ಎಂದು ಹೇಳುವುದು ಇದಕ್ಕೇ. ರಿಪೋರ್ಟಿನಲ್ಲಿ ‘ಪ್ಯಾಂಕ್ರಿಯಾಟಿಕೋಬಿಲಿಯರಿ ಮಾಲ್‌ಜಂಕ್ಷನ್’ ಎಂದಿದ್ದರೆ ತಡಮಾಡದೆ ಈ ವಿಷಯ ಗೊತ್ತಿರುವ ಸರ್ಜನ್ ಹತ್ತಿರ ಹೋಗಿ.

ಇನ್ನು ಮೊದಲಿನ ಸಾಲಿಗೆ ಬರೋಣ. ಕೆಲವು ರಿಪೋರ್ಟ್‌ಗಳಲ್ಲಿ ವಿವರ ಬರೆಯದೆ ಬರೀ ಟೈಪ್ ನಂಬರ್ ಹಾಕಿರುತ್ತಾರೆ. ಇಲ್ಲೊಂದು ಗೊಂದಲ ಇದೆ. ಹಿಂಬದಿ ನಾಳ ಎಡಕ್ಕೆ ಸೇರುವ ಅದೇ ವೇರಿಯಂಟ್‌ಗೆ ಹುವಾಂಗ್ ಪದ್ಧತಿಯಲ್ಲಿ ಎ3, ಕೊರಿಯಾದ ಚೋಯ್ ಪದ್ಧತಿಯಲ್ಲಿ 3ಎ, ಕ್ವಿನೋ ಪದ್ಧತಿಯಲ್ಲಿ ಡಿ1. ಅಕ್ಷರ ಹಿಂದೆ ಮುಂದೆ ಆದರೆ ಅರ್ಥವೇ ಬೇರೆ. ಬರೀ ನಂಬರ್ ಇದ್ದರೆ ರೇಡಿಯಾಲಜಿಸ್ಟ್ ಹತ್ತಿರ ‘ಯಾವ ನಾಳ, ಎಲ್ಲಿಗೆ ಸೇರಿದೆ’ ಎಂದು ಒಂದು ವಾಕ್ಯ ಬರೆಸಿಕೊಳ್ಳಿ. ಸರ್ಜನ್ ನಿಮ್ಮ ಮುಂದೆ ಕೂತಾಗ ಮೊದಲು ತೋರಿಸಬೇಕಾದದ್ದು ಆ ವಾಕ್ಯವನ್ನು. ಪಿತ್ತಕೋಶ ಆಗಲೇ ತೆಗೆದಾಗಿದ್ದರೆ ಆಪರೇಷನ್ ನೋಟ್ಸ್‌ನ ಪ್ರತಿಯನ್ನೂ ಕೇಳಿ ಪಡೆದು, ಸ್ಕ್ಯಾನ್ ಸಿಡಿಯ ಜೊತೆಗೇ ಇಟ್ಟುಕೊಳ್ಳಿ.